ವ್ಯಸನದಿಂದ ಮರಳಿ ವೇದಿಕೆಗೆ

೧೯೭೧ನೆಯ ಇಸವಿ ಆಗಸ್ಟ್ ೧ರಂದು ನ್ಯೂಯಾರ್ಕ್ ನಗರದಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ನೆರವಿಗಾಗಿ ಒಂದು ದೊಡ್ಡ ಸಂಗೀತ ಕಚೇರಿ ನಡೆಯಿತು. ಅದನ್ನು ಏರ್ಪಡಿಸಿದವರು ನಮ್ಮ ಪಂಡಿತ ರವಿಶಂಕರ್ ಮತ್ತು ಅವರಲ್ಲಿ ಸಿತಾರ್ ಕಲಿತಿದ್ದ ಜಾರ್ಜ್ ಹ್ಯಾರಿಸನ್. ಅಂದು ಗಿಟಾರ್ ನುಡಿಸಿದವರಲ್ಲಿ ಇಂಗ್ಲೆಂಡಿನ ರಾಕ್ ಗಾಯಕ ಎರಿಕ್ ಕ್ಲ್ಯಾಪ್ಟನ್ ಒಬ್ಬರು. ಇಪ್ಪತ್ತಾರು ವರ್ಷಕ್ಕೇ ಜಗದ್ವಿಖ್ಯಾತರಾಗಿದ್ದ ಅವರು ಹೆರಾಯಿನ್ ವ್ಯಸನದಿಂದಾಗಿ ವೇದಿಕೆ ಏರುವುದೇ ದುಸ್ತರವೆನ್ನುವಷ್ಟು ಅಸ್ವಸ್ಥರಾಗಿದ್ದರು.

ಮನಸ್ಸು ಗಟ್ಟಿಯಿದ್ದರೆ ಚಟ ಬಿಡಬಹುದಲ್ಲವೆ ಎಂದು ವಾಚಕರು ಕೇಳಬಹುದು. ನಾವೂ ಹಾಗೆಯೇ ತಿಳಿದಿದ್ದೆವು. ಹೆರಾಯಿನ್ ಅಫೀಮಿನಲ್ಲಿರುವ ಮಾರ್ಫೀನಿನಿಂದ ತಯಾರಾಗುವ ವಸ್ತು. ಮಿದುಳನ್ನು ಹೊಕ್ಕ ಮೇಲೆ ಅದು ಮತ್ತೆ ಮಾರ್ಫೀನಾಗಿ ಮಾರ್ಪಟ್ಟು, ನರಕೋಶಗಳ ಮೇಲಿರುವ ‘ಗ್ರಾಹಕ’ಗಳೆಂಬ ಅಣುಗಳಿಗೆ, ಬೀಗಕ್ಕೆ ಕೀಲಿಕೈ ಹೊಂದುವಂತೆ, ಹೊಂದಿಕೊಳ್ಳುತ್ತದೆ. ಈ ಗ್ರಾಹಕಗಳು ಇರುವುದನ್ನು ಪ್ರಯೋಗಗಳು ತೋರಿಸಿದ್ದು ೧೯೭೩ರಲ್ಲಿ. ಗಿಡದ ರಸಕ್ಕೆ ಒಪ್ಪುವ ಬೀಗ ಮನುಷ್ಯನ ಮಿದುಳಿನಲ್ಲಿ ಏಕಿರಬೇಕು? ೧೯೭೫ರಲ್ಲಿ ಸ್ಕಾಟ್ಲೆಂಡಿನ ಆಬರ್ಡೀನಿನಲ್ಲಿ ಹ್ಯೂಸ್ ಮತ್ತು ಕಾಸ್ಟರ್‌ಲಿಟ್ಸ್ ಉತ್ತರವನ್ನು ಕಂಡುಕೊಂಡರು. ನೋವನ್ನು ತಗ್ಗಿಸುವ ಎನ್‌ಕೆಫಲಿನ್ ಎಂಬ ವಸ್ತುವನ್ನು ಮಿದುಳು ತಾನೇ ತಯಾರಿಸುತ್ತದೆ, ಬೀಗವಿರುವುದು ಅದಕ್ಕಾಗಿ. ಹೆರಾಯಿನ್ ಕಳ್ಳ ಕೀಲಿಕೈ.

ಇಲ್ಲಿ ತಕ್ಕಡಿಯ ನಿದರ್ಶನ ಕೊಟ್ಟರೆ ಜೀವವಿಜ್ಞಾನಿಗಳು ನಕ್ಕಾರು, ಆದರೂ ಕೊಡುತ್ತೇವೆ. ಒಂದು ತಟ್ಟೆಯಲ್ಲಿ ನಿತ್ಯವೂ ಕಲ್ಲಿಡುತ್ತ ಹೋದರೆ, ಸಮತೋಲಕ್ಕಾಗಿ ಎದುರು ತಟ್ಟೆಯಲ್ಲೂ ಭಾರ ಹೇರಬೇಕಷ್ಟೆ. ಹೆರಾಯಿನ್ ಮಂಕುಗೊಳಿಸಿದ ನರಕೋಶಗಳು ಅದಕ್ಕೆ ಪ್ರತಿಯಾಗಿ ತಮ್ಮ ಚಟುವಟಿಕೆಯನ್ನು ಏರಿಸಿಕೊಳ್ಳುತ್ತವೆ. ಮೊದಲಿನ ಪ್ರಮಾಣ ಸಾಲದೆ ಹೋಗುವುದು ಇದರಿಂದಲೇ. ಕಲ್ಲನ್ನು ಥಟ್ಟನೆ ತೆಗೆದರೋ, ಎದುರು ತಟ್ಟೆ ಧೊಪ್ಪನೆ ಕುಸಿಯುತ್ತದೆ: ನಡುಕ, ಬೆವರು, ವಾಂತಿ, ಮೈಕೈ ನೋವು, ನಿದ್ರಾನಾಶ. ಈ ಯಾತನೆಯ ತೀವ್ರತೆ ಹೆಚ್ಚುಕಡಮೆ ಒಂದು ವಾರದಲ್ಲಿ ಇಳಿಯುತ್ತದೆ. ಹಂಬಲ ಮಾತ್ರ ಅಷ್ಟು ಬೇಗ ಇಳಿಯದು. ಅದಕ್ಕೆ ಸೋತು ಹಳೆಯ ಪ್ರಮಾಣವನ್ನೇ ಮರಳಿ ತೆಗೆದುಕೊಂಡವರು ಉಸಿರು ನಿಂತು ಸಾಯುವುದುಂಟು. ಏಕೆಂದರೆ ಎದುರು ತಟ್ಟೆಯ ಭಾರ ಆ ವೇಳೆಗೆ ಇಳಿದುಹೋಗಿರುತ್ತದೆ.

ಕ್ಲ್ಯಾಪ್ಟನ್ನರನ್ನು ೧೯೭೩ರ ಜನವರಿಯಲ್ಲಿ ಗೆಳೆಯ ಪೀಟ್ ಟೌನ್‌ಸೆಂಡ್ ಲಂಡನ್ನಿನ ವೇದಿಕೆಗೆ ಕರೆತಂದರು, ಚಟ ಬಿಡಲಿಲ್ಲ. ೧೯೭೪ರಲ್ಲಿ ಚಿಕಿತ್ಸೆ ಪಡೆದು ಹೆರಾಯಿನನ್ನು ತೊರೆದರು. ಅದೇ ವರ್ಷ ಹೊರಬಂದ ಅವರ ಧ್ವನಿಮುದ್ರಿಕೆ ‘೪೬೧ ಓಷನ್ ಬುಲೆವಾರ್ಡ್’ ಅಮೆರಿಕದಲ್ಲಿ ಪ್ರಥಮ ಸ್ಥಾನಕ್ಕೇರಿತು. ಕಥೆಯಾಗಿದ್ದರೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆರಾಯಿನ್ ಬಿಟ್ಟುಹೋದ ಸ್ಥಾನಕ್ಕೆ ಮದ್ಯ ಬಂದು ಕುಳಿತಿತು. ಮದ್ಯದ ಕೀಲಿಕೈ ಬೇರೆ, ಬೀಗಗಳೂ ಬೇರೆ. ಆದರೂ ಎರಡೂ ಕೊನೆಗೆ ಕೆರಳಿಸುವುದು ಡೋಪಮೀನ್ ಎಂಬ ರಾಸಾಯನಿಕವನ್ನು ಬಳಸುವ ಒಂದೇ ನರಮಾರ್ಗವನ್ನು. ೧೯೮೨ರಲ್ಲಿ ಮಿನೆಸೋಟದ ಚಿಕಿತ್ಸಾಲಯವನ್ನು ಸೇರಿದರು. ಹೊರಬಂದು ಮತ್ತೆ ಕುಡಿದರು. ೧೯೮೭ರಲ್ಲಿ ಪುನಃ ಅಲ್ಲಿಗೇ ಹೋದರು. ಆಮೇಲೆ ಕುಡಿಯಲಿಲ್ಲ. ೧೯೯೧ರಲ್ಲಿ ನಾಲ್ಕು ವರ್ಷದ ಮಗನನ್ನು ಕಳೆದುಕೊಂಡಾಗಲೂ ಕುಡಿಯಲಿಲ್ಲ. ೧೯೯೩ರಲ್ಲಿ ಆರು ಗ್ರ್ಯಾಮಿ ಪ್ರಶಸ್ತಿಗಳು ಒಂದೇ ರಾತ್ರಿ ಅವರಿಗೆ ಸಂದವು. ೧೯೯೮ರಲ್ಲಿ ಆಂಟಿಗ್ವ ದ್ವೀಪದಲ್ಲಿ ವ್ಯಸನಿಗಳಿಗಾಗಿ ಒಂದು ಚಿಕಿತ್ಸಾಕೇಂದ್ರವನ್ನು ತೆರೆದು, ಮರುವರ್ಷ ತಮ್ಮ ನೂರು ಗಿಟಾರುಗಳನ್ನು ಹರಾಜಿಗಿಟ್ಟು ಅದಕ್ಕೆ ಹಣ ಕೂಡಿಸಿದರು.