ಮನೆಗೆಲ್ಲ ಜಾಹೀರಾತು ಬಂದ್! ಲಾಭ ಎಷ್ಟು, ತಾಪತ್ರಯ ಎಷ್ಟು?

ಚಟ್ನಿಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಎಷ್ಟು ಹಾಕಬೇಕು ಅಂತ ನೋಡೋಕೆ ಮೊಬೈಲ್ ತೆರೆಯುತ್ತೀರಿ. ಅಳತೆ ಸಿಗುವಷ್ಟರಲ್ಲಿ ದಿಢೀರ್ ಸಾಲ, ಹೊಟ್ಟೆ ಕರಗಿಸುವ ಪುಡಿ, ಸೀರೆ ಸೇಲ್ ಅಂತ ಒಂದರ ಹಿಂದೊಂದು ಜಾಹೀರಾತು! "ತಾಳು, ಇಡೀ ಮನೆಗೇ ಇದನ್ನ ಬ್ಲಾಕ್ ಮಾಡಿಬಿಡ್ತೀನಿ" ಅಂತ ಯಜಮಾನರೋ ಮಗನೋ ಹೇಳಿದರೆ ಯಾರಿಗೆ ತಾನೆ ಖುಷಿಯಾಗಲ್ಲ? ಆದರೆ ಹೂಂ ಅನ್ನುವ ಮುಂಚೆ ಸ್ವಲ್ಪ ವಿಚಾರ ಮಾಡಿ.

ಇದು ಹೇಗೆ ನಡೆಯುತ್ತೆ?

ನೀವು ಯಾವುದೇ ವೆಬ್‌ಸೈಟ್ ತೆರೆದರೂ ಫೋನು ಮೊದಲು ಅದರ ವಿಳಾಸವನ್ನು ಒಂದು ದೊಡ್ಡ ವಿಳಾಸ ಪುಸ್ತಕದಲ್ಲಿ ಕೇಳುತ್ತದೆ. ಇದಕ್ಕೆ ಡಿಎನ್ಎಸ್ ಅಂತ ಹೆಸರು. ಆಡ್‌ಗಾರ್ಡ್‌ನಂಥ ಸೇವೆಗಳು, ಪೈ-ಹೋಲ್‌ನಂಥ ಉಚಿತ ತಂತ್ರಾಂಶಗಳು ಜಾಹೀರಾತು ಕಂಪನಿಗಳ ವಿಳಾಸ ಕೇಳಿದಾಗ ಮಾತ್ರ "ಅಂಥವರು ಯಾರೂ ಇಲ್ಲ" ಅಂದುಬಿಡುತ್ತವೆ. ವೈಫೈ ರೂಟರ್‌ನಲ್ಲಿ ಇದನ್ನು ಒಮ್ಮೆ ಜೋಡಿಸಿದರೆ ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲಕ್ಕೂ ಅನ್ವಯ.

ಲಾಭ ಇದೆ. ಪುಟಗಳು ಬೇಗ ತೆರೆಯುತ್ತವೆ, ನಮ್ಮ ಬೆನ್ನು ಹತ್ತುವ ಕಂಪನಿಗಳು ಕಡಿಮೆಯಾಗುತ್ತವೆ, ಮಕ್ಕಳು ಮತ್ತು ಹಿರಿಯರು ಮೋಸದ ಜಾಹೀರಾತು ಒತ್ತುವ ಅಪಾಯವೂ ತಗ್ಗುತ್ತದೆ. ಆದರೆ ಯೂಟ್ಯೂಬ್ ಜಾಹೀರಾತು ಮಾತ್ರ ಹೋಗಲ್ಲ. ಅಲ್ಲಿ ವಿಡಿಯೊ, ಜಾಹೀರಾತು ಎರಡೂ ಒಂದೇ ಕಡೆಯಿಂದ ಬರುವುದರಿಂದ ಒಂದನ್ನು ತಡೆದರೆ ಇನ್ನೊಂದೂ ನಿಲ್ಲುತ್ತದೆ.

'ನೆಟ್ ಹೋಯ್ತು ಕಣಮ್ಮಾ!'

ನೀವು ಮೈಸೂರಲ್ಲಿ, ಅತ್ತೆ-ಮಾವ ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯಲ್ಲಿ ಇದ್ದಾರೆ ಅಂದುಕೊಳ್ಳಿ. ಭಾನುವಾರ ನಿಮ್ಮವರು ಹೋಗಿ ಆ ಮನೆಯ ರೂಟರ್‌ಗೆ ಬ್ಲಾಕ್ ಹಾಕಿ ಬರುತ್ತಾರೆ. ಸೋಮವಾರ ಮಾವ ಗೂಗಲ್‌ನಲ್ಲಿ ಮೋಟಾರ್ ಪಂಪಿನ ಬೆಲೆ ಹುಡುಕಿ, ಮೇಲುಗಡೆ ಬರುವ 'ಪ್ರಾಯೋಜಿತ' ಕೊಂಡಿ ಒತ್ತುತ್ತಾರೆ. ಅದೂ ಜಾಹೀರಾತೇ ಆದ್ದರಿಂದ ಪುಟ ತೆರೆಯಲ್ಲ. "ನೆಟ್ ಹೋಯ್ತು" ಅಂತ ಫೋನ್ ಬರುವುದು ಯಾರಿಗೆ? ನಿಮಗೇ! ಕೆಲವು ಕೂಪನ್ ಕೊಂಡಿ, ಕೆಲವು ಆಪ್‌ಗಳೂ ಹೀಗೇ ಮುಷ್ಕರ ಹೂಡುತ್ತವೆ. ಪೈ-ಹೋಲ್‌ಗೆ ಮನೆಯಲ್ಲೇ ಒಂದು ಪುಟ್ಟ ಕಂಪ್ಯೂಟರ್ ಸದಾ ಚಾಲೂ ಇರಬೇಕು. ಕರೆಂಟು ಹೋಗಿ ಬಂದ ಮೇಲೆ ಅದು ಏಳದಿದ್ದರೆ ಇಡೀ ಮನೆಗೆ ಇಂಟರ್ನೆಟ್ ಇಲ್ಲ.

ಯಾರು ಏನು ನೋಡಿದರು?

ಇದಕ್ಕಿಂತ ಸೂಕ್ಷ್ಮವಾದ ವಿಷಯ ಇನ್ನೊಂದಿದೆ. ಪೈ-ಹೋಲ್‌ನಲ್ಲಿ ಯಾವ ಫೋನು ಎಷ್ಟು ಹೊತ್ತಿಗೆ ಯಾವ ಸೈಟ್ ಕೇಳಿತು ಅನ್ನುವ ಪಟ್ಟಿ ದಾಖಲಾಗುತ್ತದೆ. ನಿಮ್ಮ ಮೆಸೇಜು, ಪಾಸ್‌ವರ್ಡ್ ಅದರಲ್ಲಿ ಇರಲ್ಲ, ನಿಜ. ಆದರೆ ನೀವು ಹೆರಿಗೆ ಆಸ್ಪತ್ರೆಯ ಸೈಟ್ ನೋಡಿದ್ದು, ಮಗಳು ಕೆಲಸ ಹುಡುಕಿದ್ದು, ಸೊಸೆ ವಕೀಲರನ್ನು ಹುಡುಕಿದ್ದು ಅದನ್ನು ನಡೆಸುವವರ ಕಣ್ಣಿಗೆ ಬೀಳಬಹುದು. ಹೊರಗಿನ ಸೇವೆ ಬಳಸಿದರೆ ಸೈಟ್‌ಗಳ ಹೆಸರು ಆ ಕಂಪನಿಗೆ ಗೊತ್ತಾಗುತ್ತದೆ. ಆದ್ದರಿಂದ ಜಾಹೀರಾತಿನ ಕಣ್ಣು ತಪ್ಪಿಸಿ ಮನೆಯವರ ಕಣ್ಣಿಗೆ ಸಿಕ್ಕಿಬೀಳುವಂತೆ ಆಗಬಾರದು, ಅಲ್ವಾ?

ಇನ್ನು, ಅಡುಗೆ, ಹೊಲಿಗೆ ಬಗ್ಗೆ ಮನೆಯಲ್ಲೇ ಕೂತು ಬ್ಲಾಗ್ ಬರೆಯುವ ಎಷ್ಟೋ ಹೆಣ್ಣುಮಕ್ಕಳಿಗೆ, ಸುದ್ದಿ ಸೈಟ್‌ಗಳಿಗೆ ಜಾಹೀರಾತೇ ಆದಾಯ. ಎಲ್ಲವನ್ನೂ ತಡೆದರೆ ಅವರ ಪಾಲೂ ಹೋಗುತ್ತದೆ.

ಇವು ನೆನಪಿರಲಿ

* ಮೊದಲು ನಿಮ್ಮ ಫೋನಿನಲ್ಲಿ ಮಾತ್ರ ಒಂದು ವಾರ ನೋಡಿ. 2018ರಲ್ಲಿ ಬಂದ ಆಂಡ್ರಾಯ್ಡ್ 9 ಅಥವಾ ಅದರ ನಂತರದ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ 'ಪ್ರೈವೇಟ್ ಡಿಎನ್ಎಸ್' ಇರುತ್ತದೆ. ಬೇಡವೆನಿಸಿದರೆ ತೆಗೆಯುವುದೂ ಸುಲಭ.

* ಇಡೀ ಮನೆಗೆ ಹಾಕುವುದಾದರೆ ಎಲ್ಲರನ್ನೂ ಕೇಳಿ. ಮನೆಯಿಂದ ಆಫೀಸು ಕೆಲಸ ಮಾಡುವವರಿಗೆ ತೊಂದರೆಯಾದೀತು.

* ಹಾಕಿಸುವಾಗಲೇ ತೆಗೆಯುವ ವಿಧಾನ ಕೇಳಿ, ಚೀಟಿ ಬರೆದು ರೂಟರ್ ಪಕ್ಕ ಅಂಟಿಸಿ. ಅರಕೆರೆಯ ಅತ್ತೆಗೂ ಅದು ಅರ್ಥವಾಗಬೇಕು.

* ಪೈ-ಹೋಲ್‌ನಲ್ಲಿ ಸೈಟ್ ಮತ್ತು ಫೋನಿನ ಹೆಸರು ಮರೆಮಾಡುವ ಸೌಲಭ್ಯವಿದೆ. "ಅದನ್ನು ಹಾಕಿಯೇ ಶುರು ಮಾಡಿ" ಅಂತ ಹೇಳಲು ಸಂಕೋಚ ಬೇಡ.

* ನಿಮಗೆ ಇಷ್ಟವಾದ ಸೈಟ್‌ಗಳನ್ನು ತಡೆಯಿಲ್ಲದ ಪಟ್ಟಿಗೆ ಸೇರಿಸಲು ಆಗುತ್ತದೆಯೇ ಕೇಳಿ.

* ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಲ್ಲ ಮೋಸದ ಕೊಂಡಿಗಳನ್ನೂ ಇದು ತಡೆಯಲ್ಲ. ಫೋನ್ ಕರೆಗಳಿಗಂತೂ ಸಂಬಂಧವೇ ಇಲ್ಲ. ಹಣ ಹೋಯಿತು ಅನ್ನಿಸಿದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಸೊಳ್ಳೆ ಪರದೆ ಕಟ್ಟಿದರೂ ಅಂಗಳದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಲೇಬೇಕಲ್ಲ? ಇದೂ ಹಾಗೆಯೇ. ಪರದೆ ಕಟ್ಟಿ, ಆದರೆ ಒಳಗೆ ಮಲಗುವವರನ್ನೆಲ್ಲ ಒಂದು ಮಾತು ಕೇಳಿ ಕಟ್ಟಿ.