ಕುಡುಗೋಲಿನ ಗಾಯ: ರಕ್ತ ನಿಲ್ಲುವ ಬಗೆ, ನಿಲ್ಲಿಸುವ ಬಗೆ

ಕೊಯ್ಲಿನ ಕಾಲದಲ್ಲಿ ಕೈಗೆ ಕುಡುಗೋಲು ತಾಗುವುದು ಹೊಸದಲ್ಲ. ರಕ್ತ ಕಂಡ ಕೂಡಲೇ ಗಾಯಕ್ಕೆ ಮಣ್ಣು, ಸುಣ್ಣ, ಹೊಗೆಸೊಪ್ಪು ಇಲ್ಲವೆ ಕಾಫಿಪುಡಿ ಮೆತ್ತುವವರಿದ್ದಾರೆ. ಇದು ಸಲ್ಲದು. ರಕ್ತವನ್ನು ಕಟ್ಟುವ ಶಕ್ತಿ ರಕ್ತದಲ್ಲಿಯೇ ಇದೆ. ಅದಕ್ಕೆ ಬೇಕಾದ ಸಮಯ ಒದಗಿಸುವುದೇ ನಿಮ್ಮ ಕೆಲಸ.

ಗದ್ದೆಯ ಬದು ಒಡೆದಾಗ ಏನು ಮಾಡುತ್ತೀರಿ? ಮೊದಲು ನೀರಿನ ರಭಸ ತಗ್ಗಿಸಿ, ಕಂಡಿಗೆ ಕಲ್ಲು ತುಂಬಿ, ಮೇಲೆ ಜೇಡಿಮಣ್ಣು ಮೆತ್ತುತ್ತೀರಿ. ದೇಹದ ಕ್ರಮವೂ ಇಂಥದೇ. ಮೊದಲಿಗೆ ಕತ್ತರಿಸಿದ ರಕ್ತನಾಳ ಸಂಕುಚಿತವಾಗುತ್ತದೆ. ಬಳಿಕ ಪ್ಲೇಟ್‌ಲೆಟ್ ಎಂಬ ಸೂಕ್ಷ್ಮ ಕಣಗಳು ಗಾಯದ ಅಂಚಿಗೆ ಅಂಟಿ ಬಿರಡೆಯಂತೆ ನಿಲ್ಲುತ್ತವೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸಾಮಾನ್ಯವಾಗಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರುತ್ತವೆ. ಕೊನೆಗೆ ಫೈಬ್ರಿನ್ ಎಂಬ ನಾರು ಬಲೆಯಂತೆ ಹೆಣೆದುಕೊಂಡು, ರಕ್ತ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ.

ರಭಸದ ನೀರಿನಲ್ಲಿ ಮಣ್ಣು ನಿಲ್ಲದಂತೆ, ಹರಿಯುವ ರಕ್ತದಲ್ಲಿ ಹೆಪ್ಪು ನಿಲ್ಲದು. ಆದುದರಿಂದ:

1. ಗಾಯದ ಮೇಲೆ ಶುಭ್ರವಾದ ಬಟ್ಟೆಯಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ.

2. ಕನಿಷ್ಠ 10 ನಿಮಿಷ ಕೈ ಸಡಿಲಿಸಬೇಡಿ. ನಿಂತಿತೇ ಎಂದು ಮತ್ತೆ ಮತ್ತೆ ಬಟ್ಟೆ ಎತ್ತಿ ನೋಡಿದರೆ ಆಗತಾನೆ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ.

3. ಬಟ್ಟೆ ನೆನೆದರೆ ಅದನ್ನು ತೆಗೆಯದೆ ಮೇಲೊಂದು ಬಟ್ಟೆಯಿಟ್ಟು ಇನ್ನಷ್ಟು ಬಲವಾಗಿ ಒತ್ತಿರಿ.

4. ಆಳಕ್ಕೆ ನಾಟಿದ ವಸ್ತುವನ್ನು ಕೀಳಬೇಡಿ; ಅದರ ಸುತ್ತ ಒತ್ತಿರಿ.

ರಕ್ತ ಚಿಮ್ಮುತ್ತಿದ್ದರೆ ಒತ್ತುವುದನ್ನು ಬಿಡದೆ 108ಕ್ಕೆ ಕರೆ ಮಾಡಿಸಿ. ಆಸ್ಪತ್ರೆಯಲ್ಲಿ ಗಾಯಕ್ಕೆ ಹೊಲಿಗೆ ಹಾಕುತ್ತಾರೆ. ಹೆಚ್ಚು ರಕ್ತ ಹೋಗಿದ್ದರೆ ಟ್ರಾನೆಕ್ಸಾಮಿಕ್ ಆಮ್ಲ ಎಂಬ ಔಷಧಿಯನ್ನು ನಾಳಕ್ಕೆ ಕೊಡುವುದುಂಟು. ಕಟ್ಟಿದ ಹೆಪ್ಪು ಬೇಗ ಕರಗದಂತೆ ಅದು ತಡೆಯುತ್ತದೆ. 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಇದರಿಂದ ಸಾವು ಕಡಿಮೆಯಾಯಿತೆಂದು 2010ರಲ್ಲಿ ಪ್ರಕಟವಾಯಿತು. ಆದರೆ ಪೆಟ್ಟಾದ 3 ಗಂಟೆಯೊಳಗೆ ಕೊಟ್ಟರೆ ಮಾತ್ರ ಗುಣ. ಆದ್ದರಿಂದ ತಡಮಾಡಬಾರದು.

ಒತ್ತಿ ಹಿಡಿದರೂ ಸಾಲದ ಸಂದರ್ಭವೊಂದಿದೆ. ಕೊಳಕುಮಂಡಲ ಹಾವಿನ ವಿಷವು ಹೆಪ್ಪುಗಟ್ಟಿಸುವ ಅಂಶಗಳನ್ನೆಲ್ಲ ಬರಿದು ಮಾಡಿಬಿಡುತ್ತದೆ. ಆಗ ವಸಡಿನಿಂದ, ಮೂತ್ರದಲ್ಲಿ ರಕ್ತ ಬರಬಹುದು. ವೈದ್ಯರು ಸ್ವಲ್ಪ ರಕ್ತವನ್ನು ಒಣಗಿದ ಶುಭ್ರ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ವಿಷವೇರಿದೆಯೆಂದು ತಿಳಿದು ಪ್ರತಿವಿಷದ ಚುಚ್ಚುಮದ್ದು ಕೊಡುತ್ತಾರೆ. ಕಚ್ಚಿದ ಜಾಗವನ್ನು ಕೊಯ್ಯುವುದು, ಹಗ್ಗದಿಂದ ಬಿಗಿಯುವುದು ಎರಡೂ ಕೂಡದು. ಕೊಯ್ದ ಗಾಯದ ರಕ್ತ ನಿಲ್ಲುವುದೇ ಇಲ್ಲ.

ರಕ್ತ ನಿಂತಿತೆಂದು ಸುಮ್ಮನಿರಬೇಡಿ. ಮಣ್ಣು, ಸಗಣಿ ತಾಗಿದ ಗಾಯದಿಂದ ಧನುರ್ವಾಯು ಬರುವ ಅಪಾಯವಿದೆ. ಗಾಯವನ್ನು ಶುದ್ಧ ನೀರು, ಸಾಬೂನಿನಿಂದ ತೊಳೆದು, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಚುಚ್ಚುಮದ್ದಿನ ಬಗ್ಗೆ ವಿಚಾರಿಸಿ. ಕೊಯ್ಲಿಗೆ ಹೊರಡುವಾಗ ಬುತ್ತಿಯ ಜೊತೆಗೆ ಒಗೆದು ಒಣಗಿಸಿದ ಎರಡು ತುಂಡು ಬಟ್ಟೆಯೂ ಇರಲಿ.