ಲುಬ್ಧಕ ಎಷ್ಟು ದೂರ? ಗುಣಿಸೋಣವೋ, ಭಾಗಿಸೋಣವೋ?

ಚಿತ್ರದುರ್ಗದಿಂದ ಹಿರಿಯೂರಿಗೆ ಸುಮಾರು 40 ಕಿ.ಮೀ. ಅದನ್ನೇ 40,000 ಮೀಟರ್ ಎಂದರೂ ತಪ್ಪಲ್ಲ. ದೂರ ಬದಲಾಗಲಿಲ್ಲ, ಅಳೆಯುವ ಮಾನ ಬದಲಾಯಿತು. ಮಾನ ಚಿಕ್ಕದಾದರೆ ಸಂಖ್ಯೆ ದೊಡ್ಡದಾಗುತ್ತದೆ. ಆಕಾಶದ ದೂರಗಳಿಗೂ ಇದೇ ನಿಯಮ.

ಭೂಮಿಗೂ ಸೂರ್ಯನಿಗೂ ನಡುವಿನ ಸರಾಸರಿ ದೂರ ಸುಮಾರು 15 ಕೋಟಿ ಕಿ.ಮೀ. ಇದೇ ಒಂದು ಖಗೋಳಮಾನ. ನೆಪ್ಚೂನ್ ಗ್ರಹ ಸೂರ್ಯನಿಂದ ಸುಮಾರು 30 ಖಗೋಳಮಾನ ದೂರದಲ್ಲಿದೆ. ನಕ್ಷತ್ರಗಳ ದೂರಕ್ಕೆ ಈ ಮಾನವೂ ಚಿಕ್ಕದು. ಅಲ್ಲಿ ಜ್ಯೋತಿರ್ವರ್ಷ ಬೇಕು.

ಜ್ಯೋತಿರ್ವರ್ಷ ಎಂದರೇನು? ಹೊಳಲ್ಕೆರೆ ತಾಲ್ಲೂಕಿನ ಒಂದು ಶಾಲೆಯಲ್ಲಿ ಹೀಗೆ ಕೇಳಿದಾಗ, "ತುಂಬಾ ದೊಡ್ಡ ವರ್ಷ ಸಾರ್" ಎಂಬ ಉತ್ತರ ಬಂತು. ಹೆಸರಿನಲ್ಲಿ ವರ್ಷವಿದ್ದರೂ ಅದು ಕಾಲವಲ್ಲ, ದೂರ. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಸಾಗುತ್ತದೆ. ವರ್ಷದಲ್ಲಿ ಸುಮಾರು 3 ಕೋಟಿ 15 ಲಕ್ಷ ಸೆಕೆಂಡುಗಳಿವೆ. ಇವೆರಡನ್ನು ಗುಣಿಸಿದರೆ 9.45 ಲಕ್ಷ ಕೋಟಿ ಕಿ.ಮೀ. (ಇನ್ನೂ ನಿಖರವಾಗಿ 9.46 ಲಕ್ಷ ಕೋಟಿ). ಇದನ್ನು 15 ಕೋಟಿಯಿಂದ ಭಾಗಿಸಿ. ಒಂದು ಜ್ಯೋತಿರ್ವರ್ಷದಲ್ಲಿ ಸುಮಾರು 63,000 ಖಗೋಳಮಾನಗಳಿವೆ ಎಂದು ತಿಳಿಯುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಲುಬ್ಧಕ ನಕ್ಷತ್ರ 8.6 ಜ್ಯೋತಿರ್ವರ್ಷ ದೂರದಲ್ಲಿದೆ. ಇದು ಎಷ್ಟು ಖಗೋಳಮಾನ? ಅದೇ ತರಗತಿಯಲ್ಲಿ ಕೆಲವರು 8.6ನ್ನು 63,000ದಿಂದ ಭಾಗಿಸಿದರು. ಆ ಉತ್ತರವನ್ನು ಕಿ.ಮೀ.ಗೆ ಬದಲಾಯಿಸಿದರೆ ಸುಮಾರು 20,000 ಕಿ.ಮೀ. ಆಗುತ್ತದೆ! ಚಂದ್ರನೇ ಸುಮಾರು 3,84,000 ಕಿ.ಮೀ. ದೂರದಲ್ಲಿರುವಾಗ ಲುಬ್ಧಕ ಅದಕ್ಕಿಂತ ಹತ್ತಿರವಿರಲು ಸಾಧ್ಯವೇ? ದೊಡ್ಡ ಮಾನದಿಂದ ಚಿಕ್ಕ ಮಾನಕ್ಕೆ ಬರುವಾಗ ಗುಣಿಸಬೇಕು. 8.6 × 63,000 = 5,41,800 ಖಗೋಳಮಾನ. ಚಿಕ್ಕದರಿಂದ ದೊಡ್ಡದಕ್ಕೆ ಹೋಗುವಾಗ ಭಾಗಿಸಬೇಕು. ಉತ್ತರ ಬಂದ ಮೇಲೆ ಅದು ನಂಬುವಂತಿದೆಯೇ ಎಂದು ಒಮ್ಮೆ ಯೋಚಿಸಿ.

ಈ ದೂರ ಮನಸ್ಸಿಗೆ ಬರಬೇಕೇ? ಚಿತ್ರದುರ್ಗದ ಒಂದು ಶಾಲೆಯ ಅಂಗಳದಲ್ಲಿ ಸೂರ್ಯನನ್ನು ಗುರುತಿಸಿ, ಒಂದು ಮೀಟರ್ ದೂರದಲ್ಲಿ ಭೂಮಿಯನ್ನು ಇಟ್ಟೆವೆನ್ನಿ. ಆಗ ನೆಪ್ಚೂನ್ 30 ಮೀಟರ್ ದೂರದಲ್ಲಿ, ಅಂಗಳದ ಅಂಚಿನಲ್ಲಿರುತ್ತದೆ. ಒಂದು ಜ್ಯೋತಿರ್ವರ್ಷವೆಂದರೆ 63 ಕಿ.ಮೀ. ಹಿರಿಯೂರನ್ನೂ ದಾಟಿ 23 ಕಿ.ಮೀ. ಹೋಗಬೇಕು. ಲುಬ್ಧಕ ಸುಮಾರು 542 ಕಿ.ಮೀ. ದೂರ. ಬೆಂಗಳೂರಿಗೆ ಹೋಗಿ, ಚಿತ್ರದುರ್ಗಕ್ಕೆ ಮರಳಿ, ಮತ್ತೆ ಬೆಂಗಳೂರಿನ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸಾಗಿದಷ್ಟು!

ಫೆಬ್ರವರಿಯ ಸಂಜೆ ಲುಬ್ಧಕವನ್ನು ನೋಡಿ. ಏಳನೇ ತರಗತಿಯವರೇ, ಆ ಬೆಳಕು ಅಲ್ಲಿಂದ ಹೊರಟಾಗ ನೀವು ಅಂಗನವಾಡಿಯ ವಯಸ್ಸಿನವರು.

ನೀವೇ ಮಾಡಿ: ಅಭಿಜಿತ್ ನಕ್ಷತ್ರ ಸುಮಾರು 25 ಜ್ಯೋತಿರ್ವರ್ಷ ದೂರದಲ್ಲಿದೆ. ಇದು ಎಷ್ಟು ಖಗೋಳಮಾನ? ಹೊಸದುರ್ಗದ ಮಕ್ಕಳೇ, ನಿಮ್ಮ ಅಂಗಳದಲ್ಲಿ ಸೂರ್ಯನನ್ನು ಇಟ್ಟರೆ ಒಂದು ಜ್ಯೋತಿರ್ವರ್ಷ ಯಾವ ಊರಿನವರೆಗೆ ಹೋಗುತ್ತದೆ? ನಕ್ಷೆಯಲ್ಲಿ ಹುಡುಕಿ.